ಕೆಳಗಿನಿಂದ ತೆಗೆದ ಆರು ಸಾಲು

ಮೊದಲು ಇದನ್ನು ಓದಿಬಿಡಿ. ಕೀಮೋ ಚಿಕಿತ್ಸೆ ನಡೆಯುತ್ತಿರುವಾಗ ಬಾಯಲ್ಲಿ ಹುಣ್ಣಾಗಿ, ಜೊತೆಗೆ ಜ್ವರವೂ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನೀರು ನುಂಗುವುದಕ್ಕೂ ಆಗದಿದ್ದರೆ ಜ್ವರ ಇಲ್ಲದಿದ್ದರೂ ಹೋಗಬೇಕು. ಬಾಯಿಯ ಉರಿಯೂತಕ್ಕೆಂದು ಕೊಡುವ ಅಮೈನೋ ಆಮ್ಲದ ಪುಡಿ ಕೆಲವರಿಗೆ ಉಪಯೋಗವಾಗುತ್ತದೆ, ಎಲ್ಲರಿಗೂ ಆಗುವುದಿಲ್ಲ. ಮೂತ್ರಪಿಂಡದ ಅಥವಾ ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಆ ಪುಡಿ ಜ್ವರಕ್ಕೆ ಔಷಧಿಯಲ್ಲ.

ಒಬ್ಬ ವ್ಯಕ್ತಿಯ ಬಗ್ಗೆ ಬರೆಯುವಾಗ ಹೀಗೆ ಶುರು ಮಾಡುವ ಪದ್ಧತಿ ಇಲ್ಲ. ಆದರೆ ಈ ಸಾಲುಗಳು ಮೊದಲೇ ಇರಬೇಕು ಎಂದು ಹೇಳಿದವರೇ ನಾನು ಬರೆಯಹೊರಟಿರುವವರು. ಅವರು ಹೇಳಿದಾಗ ನಾನು ಅದನ್ನು ಕೇಳಲಿಲ್ಲ.

ಅವರು ಕೋಲಾರದ ಒಂದು ಆಸ್ಪತ್ರೆಯ ಕೀಮೋ ವಾರ್ಡಿನಲ್ಲಿ ಹದಿನಾರು ವರ್ಷ ನರ್ಸ್ ಆಗಿದ್ದು ಮೂರು ತಿಂಗಳ ಹಿಂದೆ ನಿವೃತ್ತರಾದರು. ಎಲ್ಲರಿಗೂ ಅವರು ಸಿಸ್ಟರ್. ನನಗೆ ಹೆಸರು ಗೊತ್ತು, ಬರೆಯುವುದಿಲ್ಲ. ಹೆಸರು ಹಾಕಿದರೆ ಜನ ತನ್ನನ್ನು ಹುಡುಕಿಕೊಂಡು ಬರುತ್ತಾರೆ, ಡಾಕ್ಟರ ಹತ್ತಿರ ಹೋಗುವುದಿಲ್ಲ ಎಂಬುದು ಅವರ ವಾದ. ಅದು ಸುಳ್ಳೂ ಅಲ್ಲ. ದೇವರಾಯಸಮುದ್ರದ ಹತ್ತಿರದ ಅವರ ಊರಿನಿಂದ ತಲೆನೋವಿಗೂ ಅವರಿಗೇ ಫೋನು ಬರುತ್ತಿತ್ತು.

ಕುಳ್ಳಗಿನ ಹೆಂಗಸು. ಬಿಳಿ ಕೋಟಿನ ಬಲಗಡೆ ಜೇಬಿನಲ್ಲಿ ಒಂದು ಸಣ್ಣ ಟಾರ್ಚು ಇರುತ್ತಿತ್ತು. ಅದರ ಸೆಲ್ಲಿನ ಮುಚ್ಚಳ ಕಳೆದುಹೋಗಿ ಎಷ್ಟೋ ವರ್ಷವಾಗಿದ್ದರಿಂದ ಅಲ್ಲಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿದ್ದರು. ಹೊಸ ಟಾರ್ಚು ತಂದುಕೊಟ್ಟವರಿಗೆ ಥ್ಯಾಂಕ್ಸ್ ಹೇಳಿ, ಅದನ್ನು ಡ್ರಾಯರಿನಲ್ಲಿಟ್ಟು ಹಳೆಯದನ್ನೇ ಬಳಸುತ್ತಿದ್ದರು. ಹೊಸದರ ಬೆಳಕು ಜಾಸ್ತಿ, ಬಾಯಿಯೊಳಗೆ ಎಲ್ಲ ಕೆಂಪಗೇ ಕಾಣುತ್ತದೆ ಎನ್ನುವರು. ಮುಳಬಾಗಿಲಿನ ಗಡಿ ಕಡೆಯ ಮುದುಕಿಯರು ಬಂದರೆ ತೆಲುಗಿಗೆ ಹೊರಳಿ, "ನೋರು ತೆರುವು ಅವ್ವಾ" ಎಂದು ಗಲ್ಲ ಹಿಡಿದು ಬಾಯಿ ತೆರೆಸುವರು.

ನೋವಿದೆಯಾ ಎಂದು ಅವರು ಯಾರನ್ನೂ ಕೇಳಿದ್ದನ್ನು ನಾನು ನೋಡಿಲ್ಲ. ಕೇಳಿದರೆ ನಮ್ಮ ಕಡೆಯ ಜನ ಪರವಾಗಿಲ್ಲ ಎನ್ನುತ್ತಾರೆ. ಸಾಯುವವರೂ ಪರವಾಗಿಲ್ಲ ಎಂದೇ ಹೇಳಿದ್ದನ್ನು ಕೇಳಿದ್ದೇನೆ ಎಂದು ಅವರೊಮ್ಮೆ ಹೇಳಿದ್ದರು. ಹಾಗಾಗಿ ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ:

"ಬೆಳಿಗ್ಗೆ ಏನ್ ತಿಂದ್ರಿ?"

ಉತ್ತರದಿಂದ ಅವರು ಬಾಯಿಗಳನ್ನು ವಿಂಗಡಿಸುತ್ತಿದ್ದರು. ದೋಸೆ ಬಾಯಿ, ಮುದ್ದೆ ಬಾಯಿ, ಗಂಜಿ ಬಾಯಿ, ನೀರು ಬಾಯಿ. ದೋಸೆ ತಿಂದವರಿಗೆ ಹೆದರಿಕೆ ಇಲ್ಲ. ಮುದ್ದೆಯನ್ನು ಅಗಿಯದೆ ನುಂಗುತ್ತೇವಾದ್ದರಿಂದ ಹುಣ್ಣಿದ್ದರೂ ಅದು ಇಳಿಯುತ್ತದೆ. ಆದರೆ ಸಾರು ಬಿಟ್ಟು ಬರೀ ಮಜ್ಜಿಗೆಯಲ್ಲಿ ನುಂಗಿದ್ದೇನೆ ಎಂದವರ ಬಾಯಿಗೆ ತಕ್ಷಣ ಟಾರ್ಚು ಬೀಳುತ್ತಿತ್ತು. ಗಂಜಿ ಬಾಯಿಯವರ ಹೆಸರು ಡಾಕ್ಟರ ಮೇಜಿಗೆ ಹೋಗುವುದು. ನೀರು ಬಾಯಿಯವರನ್ನು ಮನೆಗೆ ಕಳಿಸುತ್ತಿರಲಿಲ್ಲ. ಡಾಕ್ಟರ ಪುಸ್ತಕದಲ್ಲಿ ಈ ಉರಿಯೂತಕ್ಕೆ ಅಂಕಿಯ ಲೆಕ್ಕದ ದರ್ಜೆಗಳಿವೆ. ಸಿಸ್ಟರ್ "ಗಂಜಿ" ಎಂದರೆ ಡಾಕ್ಟರು ತಲೆಯೆತ್ತದೆ ಅದಕ್ಕೆ ಸರಿಯಾದ ಅಂಕಿ ಬರೆದುಕೊಳ್ಳುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ನಮ್ಮ ಅಕ್ಕನಿಂದ. ಅಕ್ಕನ ಮನೆ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಮಾವಿನ ತೋಟದ ನಡುವೆ. ಎದೆಯ ಗಡ್ಡೆಗೆ ಆಪರೇಷನ್ ಆಗಿ ಕೀಮೋ ಶುರುವಾಗಿತ್ತು. ಎರಡನೇ ಸುತ್ತಿನ ಬಳಿಕ ಬಾಯೆಲ್ಲ ಬೆಂದಂತಾಗಿ, ತಾನೇ ಹಾಕಿದ ಉಪ್ಪಿನಕಾಯಿಯ ಜಾಡಿಯನ್ನು ನೋಡಿದರೂ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ತೂಕ ಇಳಿದರೆ ಮೂರನೆಯದನ್ನು ಮುಂದಕ್ಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿ, ಗ್ಲುಟಮಿನ್ ಎಂಬ ಅಮೈನೋ ಆಮ್ಲದ ಪುಡಿ ಬರೆದುಕೊಟ್ಟರು. ಹುಣ್ಣಿಗೆ ಆಸಿಡ್ ಹಾಕುತ್ತಾರಾ ಎಂದು ಅಕ್ಕ ಗಾಬರಿಯಾದಳು. ಇದು ಮೈಯಲ್ಲೇ ಇರುವ ವಸ್ತು, ಹೊಸದಾಗಿ ಚರ್ಮ ಕಟ್ಟುವುದಕ್ಕೆ ಬೇಕಾಗುತ್ತದೆ, ಕೀಮೋದಲ್ಲಿ ಅದು ಸಾಲದಾಗುತ್ತದೆ ಎಂದು ಸಿಸ್ಟರ್ ವಿವರಿಸಿದರು. ಆಮೇಲೆ ಅವರು ಆ ಆಮ್ಲದ ಮಾತನ್ನೇ ಎತ್ತಲಿಲ್ಲ. ಪುಡಿ ಎಂದಷ್ಟೇ ಹೇಳುತ್ತಿದ್ದರು.

ಪುಡಿಯನ್ನು ಅರ್ಧ ಲೋಟ ನೀರಿಗೆ ಕಲಸಿ, ಬಾಯಿ ತುಂಬ ಆಡಿಸಿ, ಎರಡು ನಿಮಿಷ ಹಾಗೇ ಇಟ್ಟುಕೊಂಡು ನಿಧಾನಕ್ಕೆ ನುಂಗಬೇಕು. ತೊಡಕಾದದ್ದು ಇಲ್ಲೇ. ಬಾಯಿ ಮುಕ್ಕಳಿಸಿದ ನೀರನ್ನು ನಮ್ಮಲ್ಲಿ ಯಾರೂ ನುಂಗುವುದಿಲ್ಲ. ಅದು ಎಂಜಲು, ಉಗಿಯುವಂಥದ್ದು. ಅಕ್ಕ ಎರಡು ಸಲ ಉಗಿದಳು. ಮೂರನೇ ಸಲ ಸಿಸ್ಟರ್ ತಾವೇ ಒಂದು ಲೋಟ ಬರೀ ನೀರು ಬಾಯಿಗೆ ಹಾಕಿಕೊಂಡು, ಅವಳೆದುರು ನಿಂತು ಗಳಗಳ ಆಡಿಸಿ ನುಂಗಿ ತೋರಿಸಿದರು.

"ನಿನ್ನ ಬಾಯಿ ನೀರು ನಿಂಗೇ ಎಂಜಲಾ ಅಕ್ಕಾ?"

ವಾರ್ಡಿನಲ್ಲಿ ಎಲ್ಲರೂ ನಕ್ಕರು. ಅಕ್ಕ ನುಂಗಿದಳು.

ಆ ಎರಡು ನಿಮಿಷವನ್ನು ಕಳೆಯಿಸುವುದಕ್ಕೆ ಸಿಸ್ಟರ್ ಕಥೆ ಹೇಳುತ್ತಿದ್ದರು. ಬಾಯಿ ತುಂಬ ನೀರಿಟ್ಟುಕೊಂಡವರು ನಡುವೆ ಮಾತಾಡುವಂತಿಲ್ಲ. ತಾನು ಹೇಳುವುದನ್ನು ಜನ ಪೂರ್ತಿ ಕೇಳುವುದು ದಿನದಲ್ಲಿ ಆ ಎರಡು ನಿಮಿಷ ಮಾತ್ರ ಎನ್ನುವರು. ದೇವರಾಯಸಮುದ್ರದ ಕೆರೆ ಕೋಡಿ ಹರಿದದ್ದು, ಕೆರೆಯ ಹೂಳಿನಲ್ಲಿ ಅವರಪ್ಪನ ಎಮ್ಮೆ ಸಿಕ್ಕಿಕೊಂಡದ್ದು, ಇಂಥವು. ಗಡಿಯಾರ ನೋಡಿಕೊಂಡು, ಆಯ್ತು ನುಂಗಿ ಎಂದು ಕಥೆಯನ್ನು ಎಲ್ಲಿತ್ತೋ ಅಲ್ಲೇ ಬಿಟ್ಟು ಮುಂದಿನ ಹಾಸಿಗೆಗೆ ಹೋಗಿಬಿಡುವರು. ಮುಳಬಾಗಿಲಿನ ಒಬ್ಬ ಟೈಲರ್ ಸಾಹೇಬರು ಮೂರು ವಾರ ಕಳೆದು ಮುಂದಿನ ಕೀಮೋಗೆ ಬಂದವರು, ಇನ್ನೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಕೇಳಿದರು:

"ಸಿಸ್ಟರ್, ಆ ಎಮ್ಮೆ ಕೆರೆಯಿಂದ ಆಚೆ ಬಂತಾ ಇಲ್ವಾ?"

"ಪುಡಿ ಕಲಸಿ ಸಾಹೇಬ್ರೇ, ಹೇಳ್ತೀನಿ."

ಸಿಸ್ಟರಿಗೆ ಸಿಟ್ಟು ಬಂದದ್ದನ್ನೂ ನೋಡಿದ್ದೇನೆ. ಅಕ್ಕ ಒಂದು ದಿನ ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬರುವಾಗ ಇಡೀ ದಿನಕ್ಕಾಗುವಷ್ಟು ಪುಡಿಯನ್ನು ಬೆಳಿಗ್ಗೆಯೇ ನೀರಿನ ಬಾಟಲಿಯಲ್ಲಿ ಕಲಸಿಕೊಂಡು ಬಂದಿದ್ದಳು. ದಾರಿಯಲ್ಲಿ ಲೋಟ, ಚಮಚ ಯಾಕೆ ಎಂಬ ಜಾಣತನ. ಸಿಸ್ಟರ್ ಆ ಬಾಟಲಿಯನ್ನು ತೆಗೆದುಕೊಂಡು ಹೋಗಿ ಸಿಂಕಿಗೆ ಸುರಿದರು. ನೀರಿಗೆ ಬಿದ್ದ ಮೇಲೆ ಆ ಪುಡಿ ಬಹಳ ಹೊತ್ತು ಸರಿಯಾಗಿರುವುದಿಲ್ಲ.

"ಕಲಸಿಟ್ಟಿದ್ದು ಕೆಲ್ಸಕ್ಕೆ ಬರಲ್ಲ ಅಕ್ಕಾ. ಆವಾಗಿಂದು ಆವಾಗ್ಲೇ."

ಅಕ್ಕನಿಗೆ ಮೂರು ಮತ್ತು ನಾಲ್ಕನೇ ಸುತ್ತುಗಳಲ್ಲಿ ಹುಣ್ಣು ಕಡಿಮೆ ಇತ್ತು, ಕೀಮೋ ತಡವಾಗಲಿಲ್ಲ. ಅದು ಪುಡಿಯಿಂದಲೋ ಉಪ್ಪು ಸೋಡದ ನೀರಿನಲ್ಲಿ ಬಾಯಿ ತೊಳೆಯುವುದನ್ನು ಬಿಡದೆ ಮಾಡಿದ್ದರಿಂದಲೋ ಎಂದು ಡಾಕ್ಟರನ್ನು ಕೇಳಿದೆ. ಕೆಲವರಲ್ಲಿ ಗುಣ ಕಂಡಿದೆ, ಕೆಲವರಲ್ಲಿ ಇಲ್ಲ, ನಿಮ್ಮ ಅಕ್ಕನಲ್ಲಿ ಯಾವುದರಿಂದ ಎಂದು ಖಚಿತವಾಗಿ ಹೇಳಲಾರೆ ಎಂದರು. ಅಕ್ಕ ಈಗ ಚೆನ್ನಾಗಿದ್ದಾಳೆ.

ನಾನು ಜಿಲ್ಲಾ ಪತ್ರಿಕೆಯೊಂದರ ವರದಿಗಾರ. ಬುಧವಾರದ ಆರೋಗ್ಯ ಪುಟವೂ ನನ್ನದೇ ಜವಾಬ್ದಾರಿ. ಈ ಪುಡಿಯ ವಿಷಯ ಬರೆಯುತ್ತೇನೆ ಎಂದಾಗ ಸಿಸ್ಟರ್ ಒಂದು ವಾರ ಒಪ್ಪಲಿಲ್ಲ. ಒಪ್ಪಿದಾಗ ಎರಡು ಷರತ್ತು ಹಾಕಿದರು. ಹೆಸರು ಬೇಡ ಎನ್ನುವುದು ಒಂದು. ಜ್ವರ ಬಂದರೆ ಆಸ್ಪತ್ರೆ, ಮೂತ್ರಪಿಂಡ ಯಕೃತ್ತಿನವರು ಎಚ್ಚರ ಎಂಬ ಮಾತುಗಳು ಇರಲೇಬೇಕು ಎನ್ನುವುದು ಇನ್ನೊಂದು. ಬರೆದದ್ದನ್ನು ಅವರಿಗೆ ಮೊಬೈಲಿನಲ್ಲಿ ಕಳಿಸಿದೆ. ಮಧ್ಯಾಹ್ನ ಫೋನು ಮಾಡಿದರು. ಎಲ್ಲ ಸರಿಯಾಗಿದೆ, ಆದರೆ ಕೊನೆಯಲ್ಲಿರುವುದನ್ನು ಮೊದಲಿಗೆ ಹಾಕಿ ಎಂದರು. ಸುದ್ದಿ ಹಾಗೆ ಶುರುವಾಗುವುದಿಲ್ಲ, ಮೊದಲು ವಿಷಯ, ಆಮೇಲೆ ವಿವರ, ಎಚ್ಚರಿಕೆ ಕೊನೆಗೆ ಎಂದು ನಾನು ವಿವರಿಸಿದೆ. ನಿಮ್ಮ ಕೆಲಸ ನಿಮಗೆ ಗೊತ್ತು ಸಾರ್ ಎಂದು ಫೋನಿಟ್ಟರು.

ಮಂಗಳವಾರ ಸಂಜೆ ಒಬ್ಬ ಮುಖಂಡರ ಹುಟ್ಟುಹಬ್ಬದ ಶುಭಾಶಯದ ಜಾಹೀರಾತು ಬಂತು. ನಾನು ತಾಲ್ಲೂಕು ಕಚೇರಿಯ ಸಭೆಯಲ್ಲಿದ್ದೆ. ಪುಟ ಕಟ್ಟುವವನು ಫೋನು ಮಾಡಿ, ಆರೋಗ್ಯ ಪುಟದ ಲೇಖನದಲ್ಲಿ ಆರು ಸಾಲು ಹೆಚ್ಚಾಗುತ್ತಿದೆ, ಎಲ್ಲಿ ತೆಗೆಯಲಿ ಎಂದ. ನಮ್ಮ ಕಸುಬಿನಲ್ಲಿ ಈ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಯಾರೂ ಯೋಚಿಸುವುದಿಲ್ಲ.

"ಕೆಳಗಿಂದ ತೆಗಿ" ಎಂದೆ.

ಬುಧವಾರ ಬೆಳಿಗ್ಗೆ ಏಳೂವರೆಗೆ ಸಿಸ್ಟರ್ ಫೋನು ಬಂತು. ನಮಸ್ಕಾರವೂ ಇಲ್ಲ.

"ಕೊನೇದು ಎಲ್ಲಿ ಸಾರ್?"

ಪತ್ರಿಕೆ ತೆಗೆದು ನೋಡಿದೆ. ಆಗಲೇ ನನಗೂ ಗೊತ್ತಾದದ್ದು. ಮುಂದಿನ ಬುಧವಾರ ಅದೇ ಪುಟದಲ್ಲಿ ಹಾಕುತ್ತೇನೆ ಎಂದು ಹೇಳಿದೆ. ನಾಳೆಯೇ ಹಾಕಬಹುದಲ್ಲವಾ ಎಂದು ಕೇಳಿದರು. ಆರೋಗ್ಯ ಪುಟ ವಾರಕ್ಕೊಮ್ಮೆ ಎಂದೆ. ಹೇಳಿದಂತೆ ಮುಂದಿನ ಬುಧವಾರ ಬಲಗಡೆಯ ಮೂಲೆಯಲ್ಲಿ ಅದು ಬಂತು.

ಅಷ್ಟರಲ್ಲಿ ಮಾಲೂರಿನ ಒಂದು ಮನೆಯಲ್ಲಿ ನಡೆದದ್ದು ಹೀಗೆ. ಅಲ್ಲಿನ ಹೆಂಚಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿರುವ, ನಲವತ್ತರ ಆಸುಪಾಸಿನ ಒಬ್ಬರ ತಾಯಿಗೆ ಬೇರೆ ಊರಿನಲ್ಲಿ ಕೀಮೋ ನಡೆಯುತ್ತಿತ್ತು. ಬಾಯಿ ಹುಣ್ಣಾಗಿತ್ತು. ಮಗ ಬುಧವಾರದ ಲೇಖನ ಓದಿ ಗುರುವಾರ ಪುಡಿ ತಂದರು. ಕಲಸುವುದು, ಆಡಿಸುವುದು, ನುಂಗುವುದು ಎಲ್ಲವನ್ನೂ ಪತ್ರಿಕೆಯಲ್ಲಿದ್ದಂತೆಯೇ ಮಾಡಿಸಿದರು. ಶನಿವಾರ ತಾಯಿಗೆ ಜ್ವರ ಬಂತು. ಹುಣ್ಣಿನ ಜ್ವರ, ಹುಣ್ಣು ಮಾಗಿದರೆ ಇದೂ ಇಳಿಯುತ್ತದೆ ಎಂದುಕೊಂಡು ಪುಡಿ ಮುಂದುವರಿಸಿದರು. ಜ್ವರದ ವಿಷಯ ಅವರಿಗೆ ಚಿಕಿತ್ಸೆ ಕೊಡುತ್ತಿದ್ದಲ್ಲಿ ಹೇಳಿದ್ದರೋ ಇಲ್ಲವೋ ನನಗೆ ತಿಳಿಯದು. ಮಂಗಳವಾರ ತಾಯಿ ಮಾತಾಡಿಸಿದರೂ ಕಣ್ಣು ಬಿಡದಾದಾಗ ಹತ್ತಿರವೆಂದು ಕೋಲಾರಕ್ಕೆ ಕರೆತಂದರು. ಸಿಸ್ಟರ್ ಎಂದಿನಂತೆ ಬೆಳಿಗ್ಗೆ ಏನು ತಿಂದರು ಎಂದು ಕೇಳಿದಾಗ ಮಗ ಪುಡಿಯ ಡಬ್ಬಿಯನ್ನೂ ಪತ್ರಿಕೆಯ ತುಣುಕನ್ನೂ ತೆಗೆದು ತೋರಿಸಿದರಂತೆ.

ತಾಯಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡರು. ಮುಂದಿನ ಕೀಮೋ ಒಂದೂವರೆ ತಿಂಗಳು ತಡವಾಯಿತು, ಔಷಧಿಯ ಪ್ರಮಾಣವನ್ನೂ ಇಳಿಸಬೇಕಾಯಿತು. ಅಲ್ಲಿಂದಾಚೆ ಅವರು ಕೋಲಾರದಲ್ಲೇ ಚಿಕಿತ್ಸೆ ಮುಂದುವರಿಸಿದರು.

ಸಿಸ್ಟರ್ ನನ್ನನ್ನು ಬೈಯಲಿಲ್ಲ. ಆ ತಾಯಿ ಆಸ್ಪತ್ರೆಯಲ್ಲಿದ್ದಾಗ ಒಂದು ದಿನ ಕರೆಸಿ, ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂರಿಸಿ ನಡೆದದ್ದನ್ನೆಲ್ಲ ಹೇಳಿ, ಕಡೆಗೆ ಒಂದು ಮಾತು ಸೇರಿಸಿದರು.

"ಅವ್ರ ಮಗ ತಾನೇ ಏನೋ ಓದದೆ ಬಿಟ್ಬಿಟ್ಟೆ ಅಂದ್ಕೊಂಡಿದಾರೆ ಸಾರ್. ನೀವು ಮಾಲೂರಿಗೆ ಹೋಗಿ ಹೇಳಿ. ಬರೆದೋರೇ ಹೇಳ್ಬೇಕು."

ಹೋಗುತ್ತೇನೆ ಎಂದೆ. ಆ ಮಾತು ಆಡುವಾಗ ಹೋಗುವ ಮನಸ್ಸೂ ಇತ್ತು. ಆಮೇಲೆ ಚುನಾವಣೆ ಬಂತು, ಮಾವಿನ ಸುಗ್ಗಿ ಬಂತು, ಕಚೇರಿ ಬದಲಾಯಿತು. ಮಾಲೂರು ಕೋಲಾರದಿಂದ ಒಂದು ಗಂಟೆಯ ದಾರಿ. ಸುದ್ದಿಗಾಗಿ ಆ ಊರಿಗೆ ನಾಲ್ಕು ಸಲ ಹೋಗಿದ್ದೆ, ಆ ಮನೆಗೆ ಹೋಗಲಿಲ್ಲ. ಸಿಸ್ಟರ್ ಯಾವ ಕಾರಣಕ್ಕೆ ಫೋನು ಮಾಡಿದರೂ ಕೊನೆಯಲ್ಲಿ ಕೇಳುತ್ತಿದ್ದರು, ಮಾಲೂರಿಗೆ ಹೋದ್ರಾ ಎಂದು. ಇಲ್ಲ ಎಂದರೆ ಹೂಂ ಎನ್ನುವರು. ಮಗ ತಾಯಿಯನ್ನು ಕರೆತಂದಾಗಲೆಲ್ಲ ಬೆಂಚಿನ ಮೇಲೆ ಕೂತು ಆ ಪತ್ರಿಕೆಯ ತುಣುಕನ್ನೇ ತೆಗೆದು ಓದುತ್ತಾರೆ ಎಂದು ಒಮ್ಮೆ ಹೇಳಿದರು. ಕ್ಯಾಂಟೀನಿಗೂ ಹೋಗುವುದಿಲ್ಲ ಎಂದರು.

ಏಳು ತಿಂಗಳಾದ ಮೇಲೆ ತಾಯಿ ತೀರಿಕೊಂಡರು. ಅಂದು ಜ್ವರ ಬಂದ ಮೇಲೆ ಮೂರು ದಿನ ತಡವಾದದ್ದೇ ಕಾರಣವೇ ಎಂದು ಡಾಕ್ಟರನ್ನು ಕೇಳಿದೆ. ಅದರಿಂದಲೇ ಎಂದು ಹೇಳಲಾಗದು, ಅದರಿಂದಲ್ಲ ಎಂದೂ ಹೇಳಲಾಗದು ಎಂದರು. ಇದನ್ನು ಅವರು ಹೇಳಿದಂತೆಯೇ ದಾಖಲಿಸುತ್ತಿದ್ದೇನೆ. ಸಿಸ್ಟರ್ ಅಂದಿನಿಂದ ಮಾಲೂರಿನ ವಿಷಯ ಎತ್ತಲಿಲ್ಲ. ಆ ಪ್ರಶ್ನೆ ಬರುವ ಜಾಗದಲ್ಲಿ ಇಡ್ತೀನಿ ಸಾರ್ ಎನ್ನುವರು.

ನಿವೃತ್ತಿಯ ದಿನ ವಾರ್ಡಿನಲ್ಲೇ ಒಂದು ಸಣ್ಣ ಸಮಾರಂಭ ಇಟ್ಟಿದ್ದರು. ಹಾರ, ಶಾಲು, ಫೋಟೋ ಆದವು. ಹೊಗಳಿಕೆಯ ಭಾಷಣ ಇನ್ನೂ ನಡೆಯುತ್ತಿದ್ದಾಗ, ಸಿಸ್ಟರ್ ಹಾರ ಹಾಕಿಕೊಂಡೇ ಕಿಟಕಿ ಪಕ್ಕದ ಹಾಸಿಗೆಯ ಹೆಂಗಸಿನ ಬಾಯಿಗೆ ಟಾರ್ಚು ಬಿಟ್ಟು ನೋಡುತ್ತಿದ್ದರು. ಟಾರ್ಚನ್ನು ಹೊಸ ನರ್ಸಿಗೆ ಕೊಟ್ಟು ರಬ್ಬರ್ ಬ್ಯಾಂಡ್ ಬದಲಾಯಿಸುತ್ತಿರಬೇಕು ಎಂದು ಹೇಳಿದರು. ಹೊರಡುವಾಗ ನನ್ನ ಕೈಗೆ ಮಡಚಿದ ಒಂದು ಚೀಟಿ ಇಟ್ಟರು. ಮಾಲೂರಿನ ಮನೆಯ ವಿಳಾಸ.

ನಾನು ಹೋದದ್ದು ಕಳೆದ ತಿಂಗಳು, ಒಂದು ಭಾನುವಾರ. ಮೊದಲು ಬರೆದಿದ್ದ ಪ್ರತಿಯನ್ನು, ಆ ಆರು ಸಾಲು ಇರುವಂಥದ್ದನ್ನು, ಪ್ರಿಂಟ್ ತೆಗೆದು ಒಯ್ದಿದ್ದೆ. ಮಗ ಮನೆಯಲ್ಲಿದ್ದರು, ಕೂರಿಸಿದರು. ನಾನು ಯಾರು ಎಂದು ಹೇಳಿದ ಮೇಲೆ ಒಳಗೆ ಹೋಗಿ ತಾಯಿಯ ಆಸ್ಪತ್ರೆಯ ಫೈಲು ತಂದರು. ಅದರ ಮೊದಲ ಹಾಳೆಯೇ ನಮ್ಮ ಪತ್ರಿಕೆಯ ತುಣುಕು. ಮಡಚಿದ ಕಡೆಗಳಲ್ಲಿ ಹರಿದು, ಹಿಂದಿನಿಂದ ಟೇಪು ಅಂಟಿಸಿತ್ತು.

"ಇದನ್ನ ಎಷ್ಟು ಸಲ ಓದಿದೀನೋ ಸಾರ್. ಜ್ವರದ ವಿಷ್ಯ ಎಲ್ಲೋ ಬರೆದಿರ್ಬೇಕು, ನಾನೇ ಬಿಟ್ಟಿರ್ಬೇಕು ಅಂತ."

ನನ್ನ ಕೈಯಲ್ಲಿದ್ದ ಹಾಳೆಯನ್ನು ಕೊಟ್ಟೆ. ಬರೆದಿದ್ದೆ, ಜಾಗ ಸಾಲದೆ ತೆಗೆಸಿದೆ, ತೆಗೆಸಿದವನು ನಾನೇ, ನಿಮ್ಮ ಕಣ್ಣು ಏನನ್ನೂ ಬಿಟ್ಟಿಲ್ಲ ಎಂದು ಹೇಳಿದೆ. ಅವರು ಕೊನೆಯ ಸಾಲುಗಳ ಕೆಳಗೆ ಬೆರಳಿಟ್ಟುಕೊಂಡು ಎರಡು ಸಲ ಓದಿದರು. ತುಣುಕಿನ ಪಕ್ಕದಲ್ಲಿಟ್ಟು ಎರಡನ್ನೂ ನೋಡಿದರು.

"ಅಮ್ಮ ಇದ್ದಾಗ ಬರ್ಬೇಕಾಗಿತ್ತು ಸಾರ್ ನೀವು" ಎಂದರು. "ಕೊನೇವರ್ಗೂ ಅವಳೇ ನಂಗೆ ಸಮಾಧಾನ ಹೇಳ್ತಿದ್ಲು. ನೀನೇನು ಡಾಕ್ಟ್ರಾ, ನಿಂಗೇನ್ ಗೊತ್ತಿತ್ತು ಅಂತ. ಮಗಂದೇ ತಪ್ಪು ಅಂದ್ಕೊಂಡೇ ಹೋದ್ಲು."

ಹಾಳೆಯನ್ನು ಇಟ್ಟುಕೊಳ್ಳಬಹುದಾ ಎಂದು ಕೇಳಿದರು. ಇಟ್ಟುಕೊಳ್ಳಿ ಎಂದೆ. ಅದನ್ನು ಫೈಲಿನಲ್ಲಿ ತುಣುಕಿನ ಮೇಲಿಟ್ಟು ದಾರ ಕಟ್ಟಿದರು. ನಾನು ಎದ್ದಾಗ ಅವರು ಏಳಲಿಲ್ಲ.

ಅಲ್ಲಿಂದ ಕೋಲಾರಕ್ಕೆ ಬಂದು, ಮುಳಬಾಗಿಲಿನ ಬಸ್ಸು ಹತ್ತಿ ಸಿಸ್ಟರ್ ಊರಿಗೆ ಹೋದೆ. ಫೋನಿನಲ್ಲಿ ಹೇಳುವ ವಿಷಯ ಅಲ್ಲ ಅನ್ನಿಸಿತ್ತು. ಅವರು ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೋಟಿಲ್ಲದೆ ನೋಡಿದ್ದು ಅದೇ ಮೊದಲು. ಇನ್ನೂ ಕುಳ್ಳಗೆ ಕಂಡರು. ನಾನು ಹೇಳುತ್ತಾ ಹೋದೆ, ಅವರು ಸುಲಿಯುತ್ತಾ ಕೇಳಿದರು. ತಾಯಿಯ ಮಾತು ಬಂದಾಗ ಮಾತ್ರ ಕೈ ನಿಂತಿತು.

"ನಾನೂ ಹೇಳ್ಬಹುದಿತ್ತು" ಎಂದರು. "ಏಳು ತಿಂಗಳು ನನ್ನ ಕಣ್ಣೆದುರಿಗೇ ಕೂತಿದ್ರು. ಬರೆದೋರೇ ಹೇಳ್ಲಿ ಅಂತ ಹಟ ಹಿಡ್ದೆ. ನಿಮ್ಮೊಬ್ಬರ ತಲೆ ಮೇಲೆ ಹಾಕ್ಕೋಬೇಡಿ."

ಒಳಗೆ ಹೋಗಿ ನನಗೆ ಕಾಫಿ ತಂದುಕೊಟ್ಟರು. ಮತ್ತೆ ಕೂತು ಮೊರವನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದೆರಡು ಕಾಯಿ ಸುಲಿದು, ತಲೆಯೆತ್ತದೆ ಕೇಳಿದರು:

"ಆ ಮಗ ಬೆಳಿಗ್ಗೆ ಏನ್ ತಿಂದಿದ್ರು?"

ನಾನು ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ಹಾಗೆಂದು ಹೇಳಿದೆ.

ಸಿಸ್ಟರ್ ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದರು.

"ಹಾಗಾದ್ರೆ ಇನ್ನೊಂದ್ಸಲ ಹೋಗ್ಬೇಕು ಸಾರ್" ಎಂದರು. "ಈ ಸಲ ತಡ ಮಾಡ್ಬೇಡಿ."